ಕಾರಣ ಕೇಳುವ ಮಷೀನು

ಅಂಗಡಿ ಮುಚ್ಚಿ ಮನೆಗೆ ಹೊರಡುವುದಕ್ಕೂ ಕಾರಣ ಬರೆದುಕೊಡಬೇಕು ಅಂದರೆ ಅದ್ಯಾವ ಸೀಮೆಯ ನ್ಯಾಯ ಹೇಳಿ! ಅಜ್ಜಂಪುರದ ಯೋಗಾನಂದ ಏಳು ವರ್ಷ ಹಾಗೆ ಬರೆದುಕೊಟ್ಟ. ಯಾವ ಸಾಹೇಬರಿಗೂ ಅಲ್ಲ, ತನ್ನದೇ ಕಂಪ್ಯೂಟರಿಗೆ.

ಅದು ಎಲ್ಲರ ಅಂಗಡಿಯಲ್ಲಿರುವಂಥ ಕಂಪ್ಯೂಟರಲ್ಲ. ಕಡೂರಿನ ಕಡೆ ಮುಚ್ಚಿಹೋದ ಒಂದು ಕಾಲೇಜಿನ ಸಾಮಾನು ಹರಾಜಿಗೆ ಬಂದಾಗ ಯೋಗಾನಂದ ಹೋಗಿ ಹಿಡಿದುಕೊಂಡು ಬಂದದ್ದು. ಕಾಲೇಜಿನ ಕಂಪ್ಯೂಟರುಗಳಿಗೆಲ್ಲ ಯಜಮಾನನಾಗಿ, ಬೀಗ ಹಾಕಿದ ತಣ್ಣನೆ ಕೋಣೆಯಲ್ಲಿ ಹಗಲೂ ರಾತ್ರಿ ಓಡುತ್ತಿದ್ದ ಸರ್ವರ್ ಅದು. ಒಳಗೆ ಕೂತು ಅದನ್ನು ನಡೆಸುವ ಓಎಸ್ಸೂ ಸರ್ವರಿನದೇ. ಅಂಥದ್ದನ್ನು ತಂದು ಬಸ್‌ಸ್ಟ್ಯಾಂಡ್ ಹಿಂದಿನ ಬೀದಿಯ ಒಂದು ಕೋಣೆಯಲ್ಲಿ ಕೂರಿಸಿ ಇವನು ನಾಮಕರಣದ ಕಾರ್ಡು, ಗೃಹಪ್ರವೇಶದ ಕಾರ್ಡು, ಭಾವಪೂರ್ಣ ಶ್ರದ್ಧಾಂಜಲಿ ಟೈಪು ಮಾಡುತ್ತಿದ್ದ. ತರೀಕೆರೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ರಘು ಬಂದು ನೋಡಿ, "ಅಣ್ಣಾ, ಇದನ್ನ ತೆಗೆದು ಮಾಮೂಲಿ ಓಎಸ್ ಹಾಕ್ಕೊಡ್ತೀನಿ, ಎಲ್ಲರ ಹಾಗೆ ಸುಖವಾಗಿರಿ" ಅಂದ. ಯೋಗಾನಂದ ಒಪ್ಪಲಿಲ್ಲ. "ಇದ್ದಂಗೇ ಇರ್ಲಿ ಬಿಡೋ. ಸೊಕ್ಕು ಜಾಸ್ತಿ, ಆದ್ರೆ ಕೈ ಕೊಡೋ ಮಷೀನಲ್ಲ ಕಣೋ ಇದು."

ಸೊಕ್ಕು ಅಂದರೆ ಅಂತಿಂಥ ಸೊಕ್ಕಲ್ಲ. ಮೊದಲನೆಯದಾಗಿ ಅದಕ್ಕೆ ಬಾಯೇ ಇರಲಿಲ್ಲ. ಮಗಳು ಮಾಯಾಗೆ ಆಗ ಮೂರು ವರ್ಷ. ಅಪ್ಪನ ಹೊಸ ಕಂಪ್ಯೂಟರಿನಲ್ಲಿ ಆನೆ ಹಾಡು ನೋಡುತ್ತೇನೆಂದು ತೊಡೆಯ ಮೇಲೆ ಕೂತರೆ ಆನೆ ಕುಣಿಯುತ್ತಿತ್ತು, ಸದ್ದೇ ಇಲ್ಲ. ಒಂದು ದಿನವೆಲ್ಲ ರಘುವಿನ ಜೊತೆ ಫೋನಿನಲ್ಲಿ ಒದ್ದಾಡಿದ ಮೇಲೆ ತಿಳಿದದ್ದು, ಸರ್ವರಿಗೆ ಹಾಡು ಯಾಕೆ ಬೇಕೆಂದು ಅದನ್ನು ಮಾಡಿದವರು ಹುಟ್ಟುವಾಗಲೇ ಸದ್ದು ಮುಚ್ಚಿ ಕಳಿಸಿರುತ್ತಾರೆ ಅಂತ. ಇನ್ನು ಅದು ಏಳುವುದೋ, ದೇವರೇ ಗತಿ. ಸ್ವಿಚ್ ಹಾಕಿದರೆ ಹಿಟ್ಟಿನ ಗಿರಣಿಯ ಹಾಗೆ ಗುಂಯ್ಯೆಂದು ಕೂಗುತ್ತ, ತನ್ನ ಕೈಕಾಲು ಎಲ್ಲ ನೆಟ್ಟಗಿದೆಯೇ ಎಂದು ಒಂದೊಂದಾಗಿ ಎಣಿಸಿ ನೋಡಿಕೊಂಡು ಕಣ್ಣುಬಿಡುವ ಹೊತ್ತಿಗೆ ಕಾಲುಗಂಟೆ. ಅದಕ್ಕೇ ಯೋಗಾನಂದ ದಿನಕ್ಕೆ ಒಂದೇ ಸಲ ಆರಿಸುತ್ತಿದ್ದುದು, ರಾತ್ರಿ ಅಂಗಡಿ ಮುಚ್ಚುವಾಗ. ನಡುವೆ ಟೀ ಕುಡಿಯಲು ಹೋಗಲಿ, ಕಾರ್ಡು ತೋರಿಸಿಕೊಂಡು ಬರಲು ಅಮೃತಾಪುರಕ್ಕೇ ಹೋಗಲಿ, ಷಟರ್ ಅರ್ಧ ಎಳೆದು, ಅಡ್ಡಕ್ಕೊಂದು ಸ್ಟೂಲಿಟ್ಟು ಹೋಗುತ್ತಿದ್ದ. ಮಷೀನು ಒಳಗೆ ಗುಂಯ್ಗುಡುತ್ತಿರುತ್ತಿತ್ತು. ಆ ಬೀದಿಯವರಿಗೆಲ್ಲ ಗೊತ್ತು. ಸದ್ದು ಕೇಳುತ್ತಿದ್ದರೆ ಯೋಗಾನಂದ ಇಲ್ಲೇ ಎಲ್ಲೋ ಹೋಗಿದಾನೆ, ಈಗ ಬರ್ತಾನೆ ಅಂತ ಲೆಕ್ಕ.

ಆರಿಸುವಾಗಲೇ ಆ ಕಾರಣದ ತಕರಾರು. ಸಾಕಪ್ಪ ಎಂದು ಆರಿಸಲು ಹೋದರೆ ಒಂದು ಚೌಕ ಎದುರಿಗೆ ಬಂದು ನಿಲ್ಲುತ್ತಿತ್ತು. ಯಾಕೆ ಆರಿಸುತ್ತಿದ್ದೀಯ? ಕಾರಣ ಬರಿ. ಬರೆಯುವತನಕ ಓಕೆ ಬಟನ್ನು ಬೂದಿ ಬಣ್ಣದಲ್ಲಿ ಸತ್ತಂತೆ ಬಿದ್ದಿರುತ್ತಿತ್ತು. "ಒಂದು ಚುಕ್ಕಿ ಇಟ್ಟುಬಿಡಿ ಅಣ್ಣಾ, ಸಾಕು, ಅದಕ್ಕೇನು ಗೊತ್ತಾಗುತ್ತೆ" ಅಂತ ರಘು ಹೇಳಿಕೊಟ್ಟಿದ್ದ. ಆದರೆ ಕೇಳಿದ ಮೇಲೆ ಹೇಳದೆ ಹೋಗುವ ಜಾಯಮಾನವಲ್ಲ ಯೋಗಾನಂದನದು. ದಿನಾ ಸಂಜೆ ಏಳೂವರೆಗೆ ಹೆಂಡತಿ ಶ್ರುತಿಗೆ ಫೋನು ಮಾಡುತ್ತಿದ್ದ. "ಲೇ, ಇವತ್ತೇನು ಕಾರಣ ಬರೀಲೇ?"

ಶ್ರುತಿ ತರೀಕೆರೆಯ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಕೆಲಸ ಮಾಡುವವಳು. ಬಸ್ಸಿಳಿದು ಬಂದು ಆಗತಾನೆ ಒಲೆ ಹಚ್ಚಿರುತ್ತಿದ್ದಳು. "ಹೊಟ್ಟೆ ಹಸಿದದೆ ಅಂತ ಬರೀರಿ, ಮತ್ತಿನ್ನೇನು" ಅನ್ನುತ್ತಿದ್ದಳು. ಅವನು ಅದನ್ನೇ ಬರೆಯುತ್ತಿದ್ದ. ಬರೆದು ಕೊನೆಗೆ 'ಬತ್ತೀನಿ' ಅಂತ ಸೇರಿಸುತ್ತಿದ್ದ. ಅದು ಅವನ ತಾಯಿ ಹನುಮಂತಮ್ಮ ಕಲಿಸಿದ್ದು. ಆ ಮನೆಯಲ್ಲಿ ಹೊಸಿಲು ದಾಟುವವರು ಯಾರೂ 'ಹೋಗ್ತೀನಿ' ಅನ್ನಕೂಡದು. ಅಂದರೆ ವಾಪಸು ಕರೆದು, ಒಳಗೆ ಕೂರಿಸಿ, ಒಂದು ಗುಟುಕು ನೀರು ಕುಡಿಸಿ, 'ಬತ್ತೀನಿ' ಅನ್ನಿಸಿಯೇ ಕಳಿಸುತ್ತಿದ್ದಳು ಮಹಾತಾಯಿ. ಯೋಗಾನಂದ ಆ ಅಭ್ಯಾಸವನ್ನು ಕಬ್ಬಿಣದ ಮಷೀನಿಗೂ ಹಿಡಿಸಿದ್ದ.

ಕಾರಣ ಕೊಡದೆ ಆರಿಹೋದರೆ? ಕೆಲವು ಸಲ ಕರೆಂಟು ಹೋಗಿ, ಯುಪಿಎಸ್ಸೂ ಕೈಕೊಟ್ಟು, ಮಷೀನು ತಟ್ಟನೆ ಆರಿಬಿಡುತ್ತಿತ್ತು. ಅದು ಸುಮ್ಮನಿರುತ್ತದೆಯೇ? ಮಾರನೆಯ ದಿನ ಎದ್ದ ಕೂಡಲೇ ಕೊರಳಪಟ್ಟಿ ಹಿಡಿದು ಕೇಳುತ್ತಿತ್ತು, ನಿನ್ನೆ ಹೇಳದೆ ಕೇಳದೆ ಆರಿದೆನಲ್ಲ, ಯಾಕೆ? ಮೊದಲು ಅದು ಹೇಳು, ಆಮೇಲೆ ಮುಂದಿನ ಮಾತು. ಯೋಗಾನಂದ ಇದನ್ನು ಮನೆಯಲ್ಲಿ ಊಟಕ್ಕೆ ಕೂತಾಗ ನಟನೆ ಮಾಡಿ ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದ. "ನಿನಗಿಂತ ಜೋರು ಕಣೇ ಅದು" ಅಂತ ಶ್ರುತಿಯನ್ನು ಕೆಣಕುತ್ತಿದ್ದ.

ಈಗ ಆ ನಗುವೆಲ್ಲ ಎಲ್ಲಿಗೆ ಬಂತು ಅನ್ನುವುದನ್ನು ಹೇಳಬೇಕು.

ಹೋದ ವರ್ಷ ಮಾಘದ ಒಂದು ಗುರುವಾರ. ಹಿಂದಿನ ದಿನ ಮಾಯಾಳ ಶಾಲೆಯಲ್ಲಿ ತಂದೆತಾಯಿಯರ ಸಭೆಯಿತ್ತು. ಶ್ರುತಿಗೆ ರಜಾ ಸಿಗಲಿಲ್ಲ, ಯೋಗಾನಂದ ಹೋಗುತ್ತೇನೆಂದಿದ್ದ. ಕೆಲಸದಲ್ಲಿ ಮರೆತ. ಎಲ್ಲರ ಅಪ್ಪ ಅಮ್ಮ ಬಂದು ಹೋಗುವತನಕ ಮಗು ಗೇಟಿನ ಹತ್ತಿರ ನಿಂತೇ ಇತ್ತಂತೆ. ಗುರುವಾರ ಬೆಳಗ್ಗೆ ಅದು ಗೊತ್ತಾಗಿದ್ದೇ ಶ್ರುತಿಗೆ ಕೋಪ ನೆತ್ತಿಗೇರಿತು. ಬಸ್ಸಿಗೆ ಹೊತ್ತಾಗಿತ್ತು, ಕೈಯಲ್ಲಿ ಟಿಫನ್ ಡಬ್ಬಿ, ಬಾಯಿಗೆ ಬಂದದ್ದು ಬಂದೇಬಿಟ್ಟಿತು. "ಮಗಳು ಬೇಡ, ಮನೆ ಬೇಡ. ಆ ಮಷೀನ್ ಜೊತೆನೇ ಸಂಸಾರ ಮಾಡ್ಕೊಂಡು ಅಲ್ಲೇ ಬಿದ್ದಿರಿ. ಮನೆಗೆ ಬರಬೇಡಿ." ಯೋಗಾನಂದ ಚಪ್ಪಲಿ ಮೆಟ್ಟುತ್ತಿದ್ದವನು ತಲೆಯೆತ್ತದೆ, "ಆಯ್ತು, ಬರಲ್ಲ ಬಿಡು" ಅಂದ. ಅಂದು ಹೋದ. ಹನುಮಂತಮ್ಮ ಹಿತ್ತಲಲ್ಲಿದ್ದಳು, ಕೇಳಿಸಿಕೊಳ್ಳಲಿಲ್ಲ, ವಾಪಸು ಕರೆದು ನೀರು ಕುಡಿಸಲಿಲ್ಲ. ಮಾಯಾ ಬಾಗಿಲಲ್ಲೇ ಇದ್ದಳು.

ಅವತ್ತು ಹನ್ನೊಂದು ನಲವತ್ತಕ್ಕೆ ಶಿವನಿ ಹತ್ತಿರ ರೈಲಿಗೆ ಸಿಕ್ಕಿ ಯೋಗಾನಂದ ತೀರಿಹೋದ.

ಪೊಲೀಸಿನವರು ಕಾಗದದಲ್ಲಿ ಆಕಸ್ಮಿಕ ಅಂತಲೇ ಬರೆದರು. ಕಾಗದದ ಮಾತು ಯಾರಿಗೆ ಬೇಕು? ಅಜ್ಜಂಪುರದಲ್ಲಿ ಅಂಗಡಿ ಇಟ್ಟವನಿಗೆ ಅಂಗಡಿ ಹೊತ್ತಿನಲ್ಲಿ ಶಿವನಿಯ ಹಳಿಯ ಮೇಲೆ ಏನು ಕೆಲಸ ಅಂತ ಜನ ಕೇಳಿದರು. ಮಣ್ಣಿಗೆ ಬಂದವರು ಮಣ್ಣಿನ ಹತ್ತಿರವೇ ಕೇಳಿದರು. ಇಂಥ ಹೊತ್ತಿನಲ್ಲಿ ನಾಲಿಗೆ ಒಳಗಿಟ್ಟುಕೊಳ್ಳುವುದು ಅಷ್ಟು ಕಷ್ಟವೇ? ಶ್ರುತಿ ಎಲ್ಲವನ್ನೂ ಕೇಳಿಸಿಕೊಂಡಳು. ಅವಳಿಗೆ ಒಂದೇ ಆಸೆಯಿತ್ತು, ಅದು ಆ ಮಷೀನು. ಅದು ಓಡುತ್ತಿದ್ದರೆ ಅವನು ವಾಪಸು ಬರುವವನಿದ್ದ. ಆರಿದ್ದರೆ ಬರಬಾರದೆಂದೇ ಹೋದ. ಬೆಳಗಿನ ಹನ್ನೊಂದಕ್ಕೆ ಅವನು ಎಂದೂ ಅದನ್ನು ಆರಿಸಿದವನಲ್ಲ.

ಐದನೆಯ ದಿನ ಭಾವ ಶಿವಪ್ರಸಾದ ಅಂಗಡಿಯ ಬೀಗದ ಕೈ ತಂದು ಅವಳ ಕೈಗೆ ಕೊಟ್ಟ. ಯೋಗಾನಂದನ ಅಣ್ಣ, ಕಡೂರಿನಲ್ಲಿ ಬಸ್ಸಿನ ಮೆಕ್ಯಾನಿಕ್ಕು, ಮಾತು ಬಲು ಕಡಿಮೆ. ಅವಳು ಒಬ್ಬಳೇ ಹೋದಳು. ಷಟರ್ ನೆಲದವರೆಗೂ ಇಳಿದಿತ್ತು, ಬೀಗ ಬಿದ್ದಿತ್ತು. ಎತ್ತಿ ನೋಡಿದಳು. ಸ್ಟೂಲು ಒಳಗೆ ಮೂಲೆಯಲ್ಲಿ. ಲೈಟು ಆರಿದೆ, ಫ್ಯಾನು ಆರಿದೆ, ಮಷೀನು ತಣ್ಣಗೆ ಕೂತಿದೆ. ಅಲ್ಲಿಗೆ ಅವಳಿಗೆ ಎಲ್ಲ ತಿಳಿದುಹೋಯಿತು. ಷಟರ್ ಎಳೆದು ಬೀಗ ಹಾಕಿ ಮನೆಗೆ ಬಂದು ಅಕ್ಕಿಗೆ ಎಸರಿಟ್ಟಳು.

ಆಮೇಲೆ ಒಂದು ವರ್ಷ ಎರಡು ತಿಂಗಳು ಅವಳು ಅಳಲಿಲ್ಲ. ನೋಡಿದವರು ಗಟ್ಟಿಗಿತ್ತಿ ಅಂದರು. ಗಟ್ಟಿಯೂ ಇಲ್ಲ, ಏನೂ ಇಲ್ಲ, ಅವಳಿಗೆ ಸಿಟ್ಟು ಬಂದಿತ್ತು. ಒಂದು ಮಾತು ಅಂದಿದ್ದಕ್ಕೆ ಇಷ್ಟು ದೊಡ್ಡ ಶಿಕ್ಷೆಯಾ? ಹೆಂಡತಿ ಅಂದಮೇಲೆ ಒಂದು ಮಾತು ಅನ್ನುವುದಿಲ್ಲವಾ? ಹತ್ತು ವರ್ಷದ ಮಗಳನ್ನು ಬಾಗಿಲಲ್ಲಿ ನಿಲ್ಲಿಸಿ ಹಾಗೆ ಹೋಗುವುದಕ್ಕೆ ಅವನಿಗೆ ಮನಸ್ಸಾದರೂ ಹೇಗೆ ಬಂತು? ಸಿಟ್ಟು ಅವನ ಮೇಲೆ ಸಾಕಾದಾಗ ತನ್ನ ನಾಲಿಗೆಯ ಮೇಲೆ ತಿರುಗುತ್ತಿತ್ತು, ಅಲ್ಲಿ ಸಾಕಾದಾಗ ಮತ್ತೆ ಅವನ ಮೇಲೆ. ಅತ್ತೆ ಒಂದು ದಿನವೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಸಂಜೆ ಬುದ್ಧನ ಪಟದ ಮುಂದೆ ದೀಪ ಹಚ್ಚಿ ಸುಮ್ಮನೆ ಕೂತಿರುತ್ತಿದ್ದಳು. ಅಂದಿದ್ದರೆ ಚೆನ್ನಾಗಿತ್ತು, ಜಗಳವಾಡಿಯಾದರೂ ಒಂದಿಷ್ಟು ಹಗುರಾಗುತ್ತಿತ್ತು.

ಒಂದು ದಿನ ಜಡೆ ಹಾಕಿಸಿಕೊಳ್ಳುತ್ತ ಮಾಯಾ ಕೇಳಿದಳು. "ಅಮ್ಮಾ, ಅಪ್ಪ ಬರಲ್ಲ ಅಂತ ಹೇಳೇ ಹೋದ್ರಲ್ವಾ?"

ಶ್ರುತಿಯ ಕೈ ನಿಂತುಹೋಯಿತು. ಇಲ್ಲ ಅನ್ನಬೇಕು, ಆದರೆ ಸುಳ್ಳು ಹೇಳಿದರೆ ಈ ಹುಡುಗಿ ನಂಬುವುದಿಲ್ಲ. ಹೌದು ಅಂದರೆ ಅಪ್ಪ ನನ್ನನ್ನು ಬೇಡವೆಂದು ಹೋದ ಅಂತ ಆಯುಷ್ಯವಿಡೀ ಹೊತ್ತುಕೊಂಡು ತಿರುಗುತ್ತದೆ. ಅವಳು ಎರಡೂ ಹೇಳಲಿಲ್ಲ. ಜಡೆ ಮುಗಿಸಿ ರಿಬ್ಬನ್ ಕಟ್ಟಿದಳು. ಮಾಯಾ ಮತ್ತೆ ಕೇಳಲಿಲ್ಲ, ಮತ್ತೆ ಕೇಳಲಿಲ್ಲವೆನ್ನುವುದೇ ತಾಯಿಗೆ ನುಂಗಲಾರದ ತುತ್ತಾಯಿತು.

ಹೀಗಿರುವಾಗ ಈ ಚೈತ್ರದಲ್ಲಿ ಅಂಗಡಿ ಕೋಣೆಯ ಮಾಲೀಕ ಜಯದೇವಪ್ಪ ಮನೆಗೆ ಬಂದು, ಸಂಕೋಚದಿಂದಲೇ, "ಬೇಜಾರು ಮಾಡ್ಕೋಬೇಡಿ ಕಣಮ್ಮ, ಸೊಸೆ ಹೊಲಿಗೆ ಅಂಗಡಿ ಇಡ್ತೀನಿ ಅಂತಿದಾಳೆ" ಅಂದ. ತಪ್ಪೇನಿಲ್ಲ, ವರ್ಷಕ್ಕೂ ಮೇಲೆ ಸುಮ್ಮನಿದ್ದ ಮನುಷ್ಯ. ಶ್ರುತಿ ರಘುಗೆ ಫೋನು ಮಾಡಿದಳು. "ಆ ಮಷೀನ್ ತಗೊಂಡೋಗಿ ಬಿಡಪ್ಪಾ. ಒಳಗಿರೋದೆಲ್ಲ ಅಳಿಸಿ ಯಾರಿಗಾದ್ರೂ ಕೊಡು. ನಂಗದು ಕಣ್ಣಿಗೆ ಬೀಳೋದು ಬೇಡ."

ಶನಿವಾರ ಬೆಳಗ್ಗೆ ಒಂಬತ್ತೂವರೆಗೆ ರಘು ತರೀಕೆರೆಯಿಂದ ಬಂದ. ಭಾರದ ಸಾಮಾನು ಎತ್ತಲು ಒಂದು ಕೈಯಿರಲಿ ಎಂದು ಶಿವಪ್ರಸಾದನೂ ಕಡೂರಿನಿಂದ ಬಂದ. ಷಟರ್ ಎತ್ತಿದರೆ ಒಳಗೆಲ್ಲ ಜೇಡರ ಬಲೆ, ಧೂಳು. ಗೋಡೆಯ ಮೇಲೆ ಸಣ್ಣದೊಂದು ಬುದ್ಧನ ಪಟ. ಮೇಜಿನ ಮೇಲೆ ಅವನ ಕನ್ನಡಕದ ಡಬ್ಬಿ. ಶ್ರುತಿ ಅದನ್ನು ನೋಡಿ ಬೇರೆ ಕಡೆ ತಿರುಗಿಕೊಂಡಳು.

"ಅಕ್ಕಾ, ಅಳಿಸೋಕೆ ಮುಂಚೆ ಒಂದ್ಸಲ ಆನ್ ಮಾಡ್ತೀನಿ" ಅಂದ ರಘು. "ಮಾಯಾ ಫೋಟೋಗೀಟೋ ಇದ್ರೆ ತೆಗೆದುಕೊಡ್ತೀನಿ. ಆಮೇಲೆ ಬೇಕು ಅಂದ್ರೆ ಸಿಗಲ್ಲ."

"ಬೇಡ" ಅಂದಳು ಶ್ರುತಿ. ಆನ್ ಮಾಡಿದರೆ ಅವನು ಕೊನೆಯ ದಿನ ಬರೆದ ಕಾರಣ ಅದರಲ್ಲಿರುತ್ತದೆ. ಹನ್ನೊಂದು ಗಂಟೆಗೆ ಆರಿಸುವಾಗ ಅವನು ಅದಕ್ಕೆ ಏನೆಂದು ಹೇಳಿ ಹೋಗಿರಬಹುದು? ಈ ಪ್ರಶ್ನೆ ಒಂದು ವರ್ಷದಿಂದ ಅವಳ ಎದೆಯ ಮೇಲೆ ಕಲ್ಲಾಗಿ ಕೂತಿತ್ತು. ತನ್ನ ಹೆಸರೇ ಇದ್ದರೆ? ಅವಳೇ ಬರಬೇಡ ಅಂದಳು ಅಂತ ಇದ್ದರೆ? ಮತ್ತೆ ಜಡೆ ಹಾಕಿಸಿಕೊಳ್ಳುತ್ತ ಕೂತ ಮಾಯಾಳ ಕತ್ತು ಕಣ್ಣ ಮುಂದೆ ಬಂತು. ಗೊತ್ತಿಲ್ಲದೆ ಸಾಯುವುದಕ್ಕಿಂತ ಗೊತ್ತಾಗಿ ಸಾಯುವುದು ವಾಸಿ ಅನ್ನಿಸಿತು. "ಮಾಡು" ಅಂದಳು.

ಮಷೀನು ಗುಂಯ್ಯೆಂದು ಕೂಗಿಕೊಂಡಿತು. ಆ ಸದ್ದಿಗೆ ಎದುರಿನ ಟೀ ಅಂಗಡಿಯವನು ಗಾಬರಿಯಾಗಿ ಬೀದಿಗೆ ಬಂದು ನೋಡಿದ. ಶಿವಪ್ರಸಾದ ಬಾಗಿಲಿನ ಕಂಬಕ್ಕೆ ಕೈಯೂರಿ ಹೊರಗೆ ಮುಖ ಮಾಡಿ ನಿಂತುಬಿಟ್ಟ. ರಘು ಕಾಲುಗಂಟೆ ಮೂಲೆಯ ಜೇಡರ ಬಲೆ ಬಿಡಿಸುತ್ತ ಕಾದ. ಪಾಸ್‌ವರ್ಡ್ ಕೇಳಿದಾಗ ಶ್ರುತಿ ಬುದ್ಧನ ಪಟ ತೆಗೆದು ತಿರುಗಿಸಿ ಕೊಟ್ಟಳು. ಹಿಂದೆ ಪೆನ್ಸಿಲಿನಲ್ಲಿ ಮಾಯಾಳ ಹೆಸರು, ಹುಟ್ಟಿದ ವರ್ಷ, ನಡುವೆ ಒಂದು ಸೊಟ್ಟ ಚಿಹ್ನೆ.

ರಘು ಒತ್ತಿದ. ಪರದೆ ತೆರೆಯಿತು. ತೆರೆದ ಕೂಡಲೇ ಒಂದು ಚೌಕ ಬಂದು ಎದುರಿಗೆ ನಿಂತಿತು.

"ಏನಂತೆ?" ಅಂದಳು ಶ್ರುತಿ.

ರಘು ಹುಬ್ಬು ಗಂಟಿಕ್ಕಿ ಓದಿದ. "ಏನಿಲ್ಲ ಅಕ್ಕಾ, ಅದರ ಮಾಮೂಲಿ ಕಾಟ. ಹೋದ ಸಲ ಹೇಳದೆ ಕೇಳದೆ ಆರಿತ್ತು, ಯಾಕೆ ಅಂತ ಕೇಳ್ತಿದೆ."

"ಹೇಳದೆ ಕೇಳದೆ?"

"ಹ್ಞೂಂ. ಯಾರೂ ಆರಿಸಿಲ್ಲ. ತಾನಾಗೇ ಆರಿಹೋಗಿದೆ."

ಶ್ರುತಿ ಸ್ಟೂಲು ಎಳೆದುಕೊಂಡು ಕೂತಳು. "ಯಾವಾಗ ಆರಿದ್ದು ರಘು? ಟೈಮು ಬರ್ದಿರುತ್ತಾ?"

"ಅದು ಎಲ್ಲಾನೂ ಬರ್ಕೊಂಡಿರುತ್ತೆ ಅಕ್ಕಾ." ರಘು ಚೌಕವನ್ನು ಮೂಲೆಗೆ ಸರಿಸಿ ಮಷೀನಿನ ಡೈರಿ ತೆರೆದ. ಸರ್ವರ್ ಅಂದರೆ ಹಾಗೇ, ಎದ್ದದ್ದು, ಬಿದ್ದದ್ದು, ಯಾರು ಬಂದರು, ಯಾರು ಹೋದರು, ಎಲ್ಲದಕ್ಕೂ ದಿನಾಂಕ ಹಾಕಿ ಇಟ್ಟುಕೊಂಡಿರುತ್ತದೆ. ಅಲ್ಲಿ ಯೋಗಾನಂದ ಬರೆದ ಕಾರಣಗಳೆಲ್ಲ ಒಂದರ ಕೆಳಗೊಂದು ಸಾಲಾಗಿ ನಿಂತಿದ್ದವು. ಶ್ರುತಿ ಬೇಡವೆಂದುಕೊಂಡರೂ ಕಣ್ಣು ಓದಿಬಿಟ್ಟಿತು.

'ಹೊಟ್ಟೆ ಹಸಿದಿದೆಯಂತೆ. ಬತ್ತೀನಿ.' 'ಅವ್ವನಿಗೆ ಮಾತ್ರೆ ತಗೊಂಡು ಹೋಗಬೇಕು. ಬತ್ತೀನಿ.' 'ನಾಳೆ ಎಲ್ಲರೂ ಹೆಬ್ಬೆ ಜಲಪಾತಕ್ಕೆ ಹೋಗ್ತಿದೀವಿ, ಎರಡು ದಿನ ನಿದ್ದೆ ಮಾಡು. ಬತ್ತೀನಿ.' 'ಮಾಯಾಗೆ ಜ್ವರ. ಬತ್ತೀನಿ.' 'ಶ್ರುತಿ ಸಿಟ್ಟಾಗಿದಾಳೆ, ಮೈಸೂರುಪಾಕು ತಗೊಂಡು ಹೋದ್ರೆ ಸರಿಹೋಗ್ತಾಳೆ. ಬತ್ತೀನಿ.' ಕೊನೆಯದು ಆ ಬುಧವಾರದ್ದು. 'ಸುಸ್ತು. ಏನೋ ಮರೆತಿದೀನಿ ಅನ್ನಿಸ್ತಿದೆ, ಏನು ಅಂತ ಜ್ಞಾಪಕ ಬರ್ತಿಲ್ಲ. ಬತ್ತೀನಿ.'

"ಇದಾದ ಮೇಲೆ ಗುರುವಾರ ಬೆಳಗ್ಗೆ ಒಂಬತ್ತು ಇಪ್ಪತ್ತಕ್ಕೆ ಆನ್ ಆಗಿದೆ" ಅಂತ ರಘು ಪರದೆಯ ಮೇಲೆ ಬೆರಳಿಟ್ಟು ಹೇಳುತ್ತ ಹೋದ. "ಹತ್ತು ನಲವತ್ತೇಳಕ್ಕೆ ಅಣ್ಣ ಒಂದು ಫೈಲ್ ಸೇವ್ ಮಾಡಿದಾರೆ. ಶಿವನಿ ತಿಮ್ಮರಾಯಪ್ಪ, ಗೃಹಪ್ರವೇಶ. ಆಮೇಲೆ ಯಾರೂ ಮುಟ್ಟಿಲ್ಲ. ಸಂಜೆ ಐದು ನಲವತ್ತೊಂದಕ್ಕೆ ತಟ್ಟಂತ ಆರಿದೆ."

ಸಂಜೆ ಐದು ನಲವತ್ತೊಂದು! ಹನ್ನೊಂದು ನಲವತ್ತಕ್ಕೆ ಅವನು ಹೋಗಿಬಿಟ್ಟಿದ್ದ. ಅವನು ಹೋದ ಮೇಲೂ ಆರು ಗಂಟೆ ಹೊತ್ತು ಈ ಮಷೀನು ಇಲ್ಲಿ ಗುಂಯ್ಗುಡುತ್ತ ಅವನಿಗಾಗಿ ಕಾದಿತ್ತು.

ಶಿವನಿಯಲ್ಲಿ ಅವನಿಗೆ ಏನು ಕೆಲಸವೆಂಬುದೂ ಈಗ ಕಣ್ಣೆದುರಿಗೇ ಇತ್ತು. ಯೋಗಾನಂದನದೊಂದು ವ್ರತವಿತ್ತು. ಯಾವ ಕಾರ್ಡನ್ನೂ ಆ ಮನೆಯ ಹಿರಿಯರು ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದುವತನಕ ಅಚ್ಚಿಗೆ ಕೊಡುತ್ತಿರಲಿಲ್ಲ. ಅವರು ಬರದಿದ್ದರೆ ಇವನೇ ಹೋಗುತ್ತಿದ್ದ, ಮೊದಲೇ ಹೇಳಿ ಹೋಗುವ ಅಭ್ಯಾಸವೂ ಇರಲಿಲ್ಲ. ತಿಮ್ಮರಾಯಪ್ಪನ ಹೊಸ ಮನೆ ಹಳಿಯ ಆಚೆ ಬದಿಗೆ. ಊರಿನವರೆಲ್ಲ ಹಳಿ ದಾಟಿಯೇ ಓಡಾಡುವುದು. ಇವನು ಬರುವುದು ತಿಮ್ಮರಾಯಪ್ಪನಿಗೆ ಗೊತ್ತಿರಲಿಲ್ಲ, ಹಾಗಾಗಿ ನನ್ನ ಮನೆಗೇ ಬರುತ್ತಿದ್ದ ಎಂದು ಹೇಳುವವರು ಯಾರೂ ಇರಲಿಲ್ಲ. ಕೈಯಲ್ಲಿದ್ದ ಒಂದು ಹಾಳೆ ಗಾಳಿಗೆ ಎಲ್ಲಿ ಹೋಯಿತೋ, ಅಂಥ ಹೊತ್ತಿನಲ್ಲಿ ಹಾಳೆ ಹುಡುಕುವವರು ಯಾರು?

"ಆದ್ರೆ ನಾನು ಬಂದಾಗ ಎಲ್ಲಾ ಆರಿತ್ತಲ್ಲ ರಘು" ಅಂದಳು ಶ್ರುತಿ. "ಷಟರ್ ಇಳಿದಿತ್ತು. ಬೀಗ ಹಾಕಿತ್ತು. ನಾನು ಕಣ್ಣಾರೆ ನೋಡಿದೀನಿ."

ಬಾಗಿಲಲ್ಲಿ ನಿಂತಿದ್ದ ಶಿವಪ್ರಸಾದ ಈಗ ತಿರುಗಿದ. "ಅದು ನಾನು ಕಣಮ್ಮ."

ಇಬ್ಬರೂ ಅವನ ಕಡೆ ನೋಡಿದರು.

"ಅವತ್ತು ಸಂಜೆ ಆಸ್ಪತ್ರೆಲಿ ಅವನ ಆಧಾರ್ ಕಾರ್ಡ್ ಬೇಕು ಅಂದ್ರು. ಇಲ್ಲಿ ಡ್ರಾನಲ್ಲಿರ್ತಿತ್ತು ಅಂತ ಬಂದೆ. ಷಟರ್ ಅರ್ಧ ಎಳೆದಿತ್ತು, ಸ್ಟೂಲು ಅಡ್ಡ ಇತ್ತು. ಲೈಟ್ ಉರೀತಿತ್ತು, ಫ್ಯಾನ್ ತಿರುಗ್ತಿತ್ತು, ಇದು ಹಿಂಗೇ ಕೂಗ್ತಿತ್ತು. ಒಳಗೆ ಅವನಿದಾನೆ ಅನ್ನಿಸ್ಬಿಡ್ತು ಕಣಮ್ಮ. 'ಲೇ ಯೋಗಾ' ಅಂತ ಕರೆದೂಬಿಟ್ಟೆ." ಅವನು ಗೋಡೆಯ ಸ್ವಿಚ್ಚಿನ ಕಡೆ ಕೈ ತೋರಿಸಿದ. "ಆ ಸದ್ದು ತಡ್ಯಕ್ಕಾಗ್ಲಿಲ್ಲ. ಮೇನ್ ಸ್ವಿಚ್ಚೂ ಯುಪಿಎಸ್ಸೂ ಎರಡೂ ಎಳೆದಾಕಿ, ಸ್ಟೂಲು ಒಳಗೆ ತಳ್ಳಿ, ಷಟರ್ ಇಳಿಸಿ, ಡ್ರಾನಲ್ಲೇ ಇದ್ದ ಬೀಗ ಜಡಿದು ಓಡಿದೆ."

"ಯಾಕೆ ಹೇಳ್ಲಿಲ್ಲ ಭಾವ?"

"ಏನು ಹೇಳೋದು? ಸ್ವಿಚ್ ಆರಿಸಿದ್ದು ಒಂದು ಹೇಳೋ ವಿಷಯಾನಾ? ಯಾರೂ ಕೇಳ್ಲಿಲ್ಲ." ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಜನ ಏನೇನೋ ಅಂದ್ರು. ನಾನು ಒಂದಿನಾನೂ ನಂಬಲಿಲ್ಲ. ಮಷೀನ್ ಓಡ್ತಿತ್ತಲ್ಲ. ಬರೋನೇ ಅಲ್ವಾ ಅವನು. ನಿಂಗೂ ಗೊತ್ತು ಅಂತ್ಲೇ ಅಂದ್ಕೊಂಡಿದ್ದೆ."

"ನಂಗೆ ಗೊತ್ತಿರ್ಲಿಲ್ಲ ಭಾವ!" ಶ್ರುತಿ ಕೂಗಿಯೇಬಿಟ್ಟಳು. "ಬರಬೇಡಿ ಅಂತ ಅಂದೋಳು ನಾನು. ಬರಲ್ಲ ಬಿಡು ಅಂತ ಹೋದೋರು ಅವರು. ಐದನೇ ದಿನ ಬಂದು ನೋಡಿದ್ರೆ ಮಷೀನ್ ಆರಿಸಿದೆ. ನಾನು ಏನು ಅಂದ್ಕೋಬೇಕು? ಒಂದು ವರ್ಷ ಎರಡು ತಿಂಗಳು ಅವರನ್ನ ಬೈದಿದೀನಿ ನಾನು. ದಿನಾ ಬೈದಿದೀನಿ. ಮಗೂನ ಬಿಟ್ಟು ಹೋದ ಪಾಪಿ ಅಂತ ಬೈದಿದೀನಿ. ಒಂದು ಮಾತು, ಒಂದೇ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಭಾವ!"

ಶಿವಪ್ರಸಾದ ಬಾಗಿಲಿನ ಕಂಬ ಬಿಟ್ಟ. ಆ ದೊಡ್ಡ ಆಳು ಹೊಸಿಲ ಮೇಲೆ ಹಾಗೇ ಕುಸಿದು ಕೂತು, ಗ್ರೀಸು ಹಿಡಿದ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವನ ತಪ್ಪೇನು ಅಂತ ಕೇಳಿದರೆ ಹೇಳುವುದು ಕಷ್ಟ. ಸತ್ತವನ ವಿಷಯ ಎತ್ತಿದರೆ ಹೆಂಗಸರು ನೊಂದುಕೊಂಡಾರು ಎಂದು ಅವನು ಸುಮ್ಮನಿದ್ದ. ತನ್ನ ಭಯ ಬಾಯಿಗೆ ತಂದರೆ ನಿಜವಾದೀತು ಎಂದು ಇವಳು ಸುಮ್ಮನಿದ್ದಳು. ಹಾಳಾದ ಮರ್ಯಾದೆ, ಯಾರಿಗೆ ಬೇಕಾಗಿತ್ತು ಅದು!

ಆಮೇಲೆ ಶ್ರುತಿ ಅತ್ತಳು. ಮೇಜಿನ ಮೇಲೆ ತಲೆಯಿಟ್ಟು, ರಘು ಇದ್ದಾನೆ, ಬೀದಿಯವರು ನೋಡುತ್ತಾರೆ ಅನ್ನುವುದೊಂದೂ ಇಲ್ಲದೆ ಅತ್ತಳು. ಅವನು ಬರುವವನೇ ಆಗಿದ್ದ ಅಂತ ತಿಳಿದರೆ ಎದೆ ಹಗುರವಾಗುತ್ತದೆ ಎಂದು ಅವಳು ಅಂದುಕೊಂಡಿದ್ದಳು. ಹಗುರವಾಗಲಿಲ್ಲ. ಇಷ್ಟು ದಿನ ಬಿಟ್ಟುಹೋದವನ ಮೇಲೆ ಸಿಟ್ಟಾದರೂ ಇತ್ತು, ಹಿಡಿದುಕೊಳ್ಳಲು ಅದೊಂದಿತ್ತು. ಈಗ ಅದೂ ಹೋಯಿತು. ಶಿವನಿಯ ಕೆಲಸ ಮುಗಿಸಿ, ಅರ್ಧ ಷಟರಿನ ಅಂಗಡಿಗೆ ಬಂದು, ಸಂಜೆ ಏಳೂವರೆಗೆ ಫೋನು ಮಾಡಿ, ದಾರಿಯಲ್ಲಿ ಮೈಸೂರುಪಾಕು ಕಟ್ಟಿಸಿಕೊಂಡು ಮನೆಗೆ ಬರುತ್ತಿದ್ದ ಗಂಡ ಅವಳಿಗೆ ಇವತ್ತು ತೀರಿಕೊಂಡ.

ಬಹಳ ಹೊತ್ತಾದ ಮೇಲೆ ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಪರದೆಯ ಕಡೆ ನೋಡಿದಳು. ರಘು ಡೈರಿ ಮುಚ್ಚಿದ್ದ. ಮೂಲೆಯ ಚೌಕ ಮತ್ತೆ ನಡುವಿಗೆ ಬಂದಿತ್ತು. ಯಾಕೆ ಆರಿದೆ? ಕಾರಣ ಬರಿ. ಓಕೆ ಬಟನ್ನು ಬೂದಿ ಬಣ್ಣದಲ್ಲಿತ್ತು.

"ಒಂದು ಚುಕ್ಕಿ ಇಟ್ಟುಬಿಡ್ಲಾ ಅಕ್ಕಾ?" ಅಂದ ರಘು ಮೆಲ್ಲಗೆ.

"ನಾನು ಬರೀತೀನಿ ಕೊಡಮ್ಮ" ಅಂತ ಹೊಸಿಲಿಂದ ಶಿವಪ್ರಸಾದ ಎದ್ದ. "ಆರಿಸಿದೋನು ನಾನು. ನಾನು ಅಂತ್ಲೇ ಬರೀತೀನಿ."

"ಬೇಡ ಭಾವ. ಕೂತ್ಕಳಿ." ಶ್ರುತಿ ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡಳು. ಅದರ ಮೇಲಿನ ಧೂಳನ್ನು ಅಂಗೈಯಲ್ಲಿ ಸವರಿ ತೆಗೆದಳು. ಮೇಲಿಂದ ಕೆಳಕ್ಕೆ ಅಷ್ಟು ಸಾಲು ಬತ್ತೀನಿ ಬತ್ತೀನಿ ಅಂತ ಬರೆದಿಟ್ಟು ಹೋದವನ ಪಟ್ಟಿಯ ಕೊನೆಗೆ ಏನು ಬರೆಯುವುದು? ಮಷೀನಿಗೆ ಯಾವುದಾದರೇನು, ಚುಕ್ಕಿ ಇಟ್ಟರೂ ಅದಕ್ಕೆ ಸಾಕು. ಆದರೆ ಇದನ್ನು ಇನ್ನೊಬ್ಬಳು ಓದಬೇಕಾಗಿತ್ತು. ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಒತ್ತಿದಳು.

'ಬತ್ತಿದ್ರು. ಬರೋಕಾಗ್ಲಿಲ್ಲ.'

ಬಟನ್ನಿಗೆ ಜೀವ ಬಂತು. ಒತ್ತಿದಳು, ಚೌಕ ಹೋಯಿತು.

ಗಡಿಯಾರ ನೋಡಿದರೆ ಹನ್ನೊಂದು ಕಾಲು. ಶನಿವಾರ ಶಾಲೆ ಹನ್ನೊಂದೂವರೆಗೆ ಬಿಡುತ್ತದೆ. ಮಾಯಾ ಈಚೆಗೆ ಒಬ್ಬಳೇ ಮನೆಗೆ ಬರುತ್ತಾಳೆ, ಗೇಟಿನ ಹತ್ತಿರ ಯಾರಿಗಾಗಿಯೂ ನಿಲ್ಲುವುದಿಲ್ಲ. ಶ್ರುತಿ ಎದ್ದು ಸೀರೆ ನೆರಿಗೆ ಸರಿಮಾಡಿಕೊಂಡಳು.

"ಇವತ್ತು ಮಷೀನ್ ತಗೊಂಡೋಗಬೇಡ ರಘು. ಜಯದೇವಪ್ಪೋರಿಗೆ ನಾನು ಹೇಳ್ತೀನಿ, ಇನ್ನೊಂದು ವಾರ ತಡೀಲಿ. ಏನೂ ಅಳಿಸಬೇಡ."

"ಆಯ್ತಕ್ಕಾ."

"ಹಂಗಾದ್ರೆ ಈಗ ಆರಿಸ್ಲಾ ಕಣಮ್ಮ?" ಶಿವಪ್ರಸಾದ ಕೇಳಿದ. ಅಭ್ಯಾಸಬಲದಿಂದ ಮೇನ್ ಸ್ವಿಚ್ಚಿನ ಕಡೆ ಹೋದ ಅವನ ಕೈ ಗಾಳಿಯಲ್ಲೇ ನಿಂತಿತು.

"ಬೇಡ ಭಾವ. ಓಡ್ತಿರ್ಲಿ."

ಮೂವರೂ ಹೊರಗೆ ಬಂದರು. ಶ್ರುತಿ ತಾನೇ ಷಟರಿಗೆ ಕೈಹಾಕಿ ಅರ್ಧ ಎಳೆದಳು. ಸ್ಟೂಲು ತಂದು ಅಡ್ಡಕ್ಕಿಟ್ಟಳು. ಒಳಗಿಂದ ಗುಂಯ್ಗುಡುವ ಸದ್ದು ಬೀದಿಗೆಲ್ಲ ಕೇಳುತ್ತಿತ್ತು. ಎದುರಿನ ಟೀ ಅಂಗಡಿಯವನು ಲೋಟ ತೊಳೆಯುವುದು ಬಿಟ್ಟು ನೋಡುತ್ತಿದ್ದ.

ಅವಳು ಬಗ್ಗಿ, ಷಟರಿನ ಕೆಳಗಿನಿಂದ ಒಳಗೆ ನೋಡಿ ಹೇಳಿದಳು. "ಮಾಯಾನ ಕರ್ಕೊಂಡು ಬತ್ತೀನಿ."